ಸಂಘದ ಲೆಕ್ಕ, ದೂರದ ಪಾಠ

ದೂರಶಿಕ್ಷಣ ಎಂಬ ಮಾತು ಕೇಳಿದೊಡನೆ ನಿಮ್ಮ ಕಣ್ಣೆದುರು ಬರುವ ಚಿತ್ರ ಬಹುಶಃ ಇದು: ನೌಕರಿಯಲ್ಲಿದ್ದುಕೊಂಡೇ ಬಿ.ಎ. ಅಥವಾ ಎಂ.ಎ. ಮಾಡಿಕೊಳ್ಳುತ್ತಿರುವ ಒಬ್ಬರು, ಅವರ ಮನೆಗೆ ಅಂಚೆಯಲ್ಲಿ ಬರುವ ಪಾಠದ ಕಟ್ಟು, ವರ್ಷಕ್ಕೊಮ್ಮೆ ಸಂಪರ್ಕ ತರಗತಿ, ಕೊನೆಗೊಂದು ಪರೀಕ್ಷೆ. ಇದು ಸರಿಯಾದ ಚಿತ್ರವೇ. ಆದರೆ ದೂರದಿಂದ ಕಲಿಯಬೇಕಾದವರ ಇನ್ನೊಂದು ದೊಡ್ಡ ವರ್ಗವಿದೆ. ಅವರನ್ನು ನಾವು ವಿದ್ಯಾರ್ಥಿಗಳೆಂದು ಕರೆಯುವುದೇ ಇಲ್ಲ. ಸ್ವಸಹಾಯ ಸಂಘದ ಪುಸ್ತಕ ಬರೆಯುವ ಹೆಣ್ಣುಮಗಳು, ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ನೇಯ್ಗೆಯ ಸಹಕಾರ ಸಂಘವನ್ನು ನಡೆಸುವ ಮಹಿಳೆಯರು, ಉಪ್ಪಿನಕಾಯಿ ಹಾಕಿ ಮಾರುವ ಗುಂಪಿನ ಮುಖ್ಯಸ್ಥೆ - ಇವರೆಲ್ಲ ಊರು ಬಿಟ್ಟು ಹೋಗಿ ಓದುವಂತಿಲ್ಲ. ಓದದೆ ಕೆಲಸ ಸಾಗಿಸುವಂತೆಯೂ ಇಲ್ಲ. ಕಾಲೇಜಿನ ಹುಡುಗ ಲೆಕ್ಕ ತಪ್ಪಿದರೆ ಅವನ ಅಂಕ ಹೋಗುತ್ತದೆ. ಸಂಘದ ಲೆಕ್ಕ ತಪ್ಪಿದರೆ ಹತ್ತಿಪ್ಪತ್ತು ಮನೆಗಳ ಉಳಿತಾಯ ಹೋಗುತ್ತದೆ, ಅದರ ಜೊತೆಗೆ ನೆರೆಹೊರೆಯ ನಂಬಿಕೆಯೂ ಹೋಗುತ್ತದೆ.

ಇಂತಹ ಕಾರ್ಯಕರ್ತರಿಗೆ ಪಾಠ ಹೇಗೆ ತಲುಪಿತು, ಎಲ್ಲಿ ತಲುಪದೆ ಉಳಿಯಿತು ಎಂಬುದಕ್ಕೂ ಒಂದು ಇತಿಹಾಸವಿದೆ. ಅದನ್ನು ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ನೋಡೋಣ.

ದೂರವೆಂದರೆ ಎಷ್ಟು ದೂರ?

ಶರಾವತಿ ನದಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನಲ್ಲಿ ಜೋಗದ ಗುಂಡಿಗೆ ಧುಮುಕುತ್ತದೆ. ಮೂರು ತಾಲ್ಲೂಕುಗಳನ್ನೂ ಒಂದೇ ನೀರು ಪೋಣಿಸಿದೆ. ಅದೇ ನೀರು ಅವುಗಳನ್ನು ಬೇರೆ ಬೇರೆಯಾಗಿಯೂ ಇಟ್ಟಿದೆ. ಇಲ್ಲಿ ಬಯಲುಸೀಮೆಯಂತೆ ಊರೆಲ್ಲ ಒಂದೆಡೆ ಗುಂಪಾಗಿರುವುದಿಲ್ಲ. ಗುಡ್ಡದ ಈಚೆ ಎರಡು ಮನೆ, ತೋಟದ ಆಚೆ ಒಂದು ಮನೆ, ನಡುವೆ ಹಳ್ಳ, ಹಳ್ಳಕ್ಕೆ ಒಂದು ಕಾಲುಸಂಕ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಹುಲಿಕಲ್ ಇರುವುದು ಹೊಸನಗರ ತಾಲ್ಲೂಕಿನಲ್ಲಿ. ನಾಡಿನಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಿವು. ಮಳೆಗಾಲದ ಆ ತಿಂಗಳುಗಳಲ್ಲಿ ನಾಲ್ಕು ಮೈಲಿಯ ಸಭೆಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಈ ದೂರ ಇನ್ನಷ್ಟು ಹೆಚ್ಚಿತು. ನಾಡಿಗೆ ವಿದ್ಯುತ್ ಬಂತು. ಆದರೆ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು, ಜನ ಚದುರಿಹೋದರು. ತುಮರಿ ಸುತ್ತಿನ ಹಳ್ಳಿಗಳು ಹಿನ್ನೀರಿನ ಆಚೆ ದ್ವೀಪದಂತೆ ಉಳಿದವು. ತಾಲ್ಲೂಕು ಕಛೇರಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಬರಬೇಕಾದರೆ ಲಾಂಚ್‌ಗೆ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಈ ದಡದಲ್ಲೇ. ಅಂಬಾರಗೋಡ್ಲು - ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಂದರೆ ಆರು ದಶಕಗಳ ಕಾಲ ಅಲ್ಲಿಯ ಜನಕ್ಕೆ ದೂರವೆಂಬುದು ದಿನನಿತ್ಯದ ಸಂಗತಿಯಾಗಿತ್ತು. ಇಂತಹ ಸೀಮೆಯ ಸಂಘದ ಕಾರ್ಯದರ್ಶಿಗೆ "ಜಿಲ್ಲಾ ಕೇಂದ್ರಕ್ಕೆ ಬಂದು ಮೂರು ದಿನದ ತರಬೇತಿ ಪಡೆಯಿರಿ" ಎಂದು ಪತ್ರ ಬರೆಯುವುದು ಸುಲಭ. ಆಕೆ ಬರುವುದು ಸುಲಭವಲ್ಲ.

ಕೊಳಗದಿಂದ ಕಲಿತ ಪಾಠ

ಲೆಕ್ಕ ಬಲ್ಲವನ ಕೈಯಲ್ಲೇ ಬಲವಿರುತ್ತದೆ ಎಂಬುದನ್ನು ಈ ನೆಲ ಯಾವ ಪಠ್ಯಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಡೆದ ರೈತ ಸತ್ಯಾಗ್ರಹವನ್ನು ನೆನಪಿಸಿಕೊಳ್ಳಿ. ಗೇಣಿದಾರರ ಮೂಲಭೂತ ತಕರಾರುಗಳಲ್ಲಿ ಒಂದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವನ್ನು ಕುರಿತದ್ದು. ಅಳತೆಯ ಪಾತ್ರೆ ಎಷ್ಟು ಸೇರಿನದು ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಒಂದು ಸಂಘ ಬೇಕಾಯಿತು. ಎಚ್. ಗಣಪತಿಯಪ್ಪನವರು ಕಟ್ಟಿ ಬೆಳೆಸಿದ ರೈತಸಂಘ ಆ ಕೆಲಸ ಮಾಡಿತು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಈ ಚಳವಳಿಯಲ್ಲಿ ದುಡಿದು, 1952ರ ಚುನಾವಣೆಯಲ್ಲಿ ಸಾಗರ - ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಹೋದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು.

ಒಡೆತನ ಬಂದ ಮೇಲೆ ಹೊಸ ಅಗತ್ಯಗಳೂ ಬಂದವು. ಸಾಲದ ಅರ್ಜಿ, ಪಹಣಿ, ಸೊಸೈಟಿಯ ಷೇರು, ವಾರ್ಷಿಕ ಸಭೆಯ ಜಮಾ-ಖರ್ಚು - ಇವನ್ನೆಲ್ಲ ಓದಿ ತಿಳಿಯಬಲ್ಲವರು ಮನೆಯಲ್ಲೊಬ್ಬರಾದರೂ ಬೇಕಾದರು. ಸಹಕಾರ ಚಳವಳಿ ಇಲ್ಲಿಗೆ ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಸಹಕಾರ ಕಾಯಿದೆ ಬಂದದ್ದು 1905ರಲ್ಲಿ. ಅಡಿಕೆ ಬೆಳೆಗಾರರು ದಲ್ಲಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಕಟ್ಟಿಕೊಂಡ ಮಾಮ್ಕೋಸ್ ಶಿವಮೊಗ್ಗದಲ್ಲಿ 1939ರಲ್ಲೇ ಆರಂಭವಾಯಿತು. ಇಂದು "ಸಾಮಾಜಿಕ ಉದ್ಯಮ" ಎಂಬ ಹೊಸ ಹೆಸರು ಬಳಕೆಗೆ ಬಂದಿದೆ: ವ್ಯಾಪಾರ ಮಾಡಬೇಕು, ನಷ್ಟವಾಗಬಾರದು, ಬಂದ ಲಾಭ ಸಮುದಾಯಕ್ಕೆ ಸೇರಬೇಕು. ಮಲೆನಾಡಿನವರು ಇದೇ ವಿಚಾರವನ್ನು ಬಹುಕಾಲದಿಂದ ಸಹಕಾರ ಎಂಬ ಹೆಸರಿನಲ್ಲಿ ಬಲ್ಲರು. ಕೊರತೆ ಇದ್ದದ್ದು ಆ ಸಂಸ್ಥೆಗಳ ದಿನದಿನದ ಕೆಲಸ ಮಾಡುವವರ ಕಲಿಕೆಯಲ್ಲಿ. ಅಡಿಕೆ ಸಂಘಕ್ಕೆ ಓದಿದ ಗುಮಾಸ್ತರು ಸಿಕ್ಕಿದರು. ಕೂಲಿಯವರ, ಹೆಂಗಸರ, ಕುಶಲಕರ್ಮಿಗಳ ಚಿಕ್ಕ ಸಂಘಗಳಿಗೆ ಸಿಕ್ಕಲಿಲ್ಲ.

ಅಂಚೆಯಲ್ಲಿ ಬಂದ ವಿದ್ಯೆ

ಅಂಚೆಯ ಮೂಲಕ ಕಲಿಸುವ ಪದ್ಧತಿಗೆ ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ಅವರ ಹೆಸರನ್ನು ಸಾಮಾನ್ಯವಾಗಿ ಹೇಳುತ್ತಾರೆ. 1840ರಲ್ಲಿ ಅಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದಾಗ ಅವರು ಶೀಘ್ರಲಿಪಿಯ ಪಾಠಗಳನ್ನು ಕಾರ್ಡಿನಲ್ಲಿ ಕಳುಹಿಸಿದರು. ಕಲಿಯುವವರು ಬರೆದು ಹಿಂದಕ್ಕೆ ಕಳಿಸಿದ್ದನ್ನು ತಿದ್ದಿ ಮತ್ತೆ ಕಳುಹಿಸಿದರು. ಈ "ತಿದ್ದಿ ಮತ್ತೆ ಕಳುಹಿಸುವ" ಭಾಗವನ್ನು ನೀವು ನೆನಪಿನಲ್ಲಿಡಿ. ಮುಂದೆ ಬರುವ ಎಲ್ಲ ಪ್ರಯೋಗಗಳ ಸೋಲು-ಗೆಲುವು ಇದರ ಮೇಲೆಯೇ ನಿಂತಿದೆ.

ನಮ್ಮಲ್ಲಿ 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ಸ್ವಾತಂತ್ರ್ಯ ಬರುವ ಮೊದಲೇ ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿತು. ಆ ಉಪನ್ಯಾಸಗಳು ಅಗ್ಗದ ಕಿರುಪುಸ್ತಕಗಳಾಗಿ ಹೊರಬಂದವು. ಈ ಕಾರ್ಯದ ಹಿಂದೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ಕುವೆಂಪು ಅವರ ಪ್ರೇರಣೆಯೂ ಇತ್ತು. ಅವರು 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ವಿದ್ಯೆ ಕನ್ನಡದಲ್ಲಿ ದೊರೆಯದಿದ್ದರೆ ಅದು ಹಳ್ಳಿಯವನಿಗೆ ದೊರೆಯಲಿಲ್ಲವೆಂದೇ ಅರ್ಥ ಎಂಬ ನಿಲುವು ಅವರದು. 1940ರ ದಶಕದಲ್ಲಿ ಆರಂಭವಾದ ವಯಸ್ಕರ ಶಿಕ್ಷಣ ಸಮಿತಿಯು ಆಗತಾನೆ ಅಕ್ಷರ ಕಲಿತವರಿಗಾಗಿ "ಬೆಳಕು" ಎಂಬ ಪತ್ರಿಕೆಯನ್ನೂ ಹೊರತಂದಿತು.

1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ ಆರಂಭವಾಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆತದ್ದೂ ಅದೇ ವರ್ಷವೆಂಬುದು ಗಮನಿಸತಕ್ಕ ಸಂಗತಿ. ಶಾಲೆಯ ಮೇಷ್ಟ್ರುಗಳು, ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳು ಇದರಿಂದ ಪದವೀಧರರಾದರು. 1985ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ಮುಂದೆ ಗ್ರಾಮೀಣಾಭಿವೃದ್ಧಿಯಂತಹ ವಿಷಯಗಳಲ್ಲೂ ದೂರಶಿಕ್ಷಣ ದೊರೆಯತೊಡಗಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮೈಸೂರಿನಲ್ಲಿ ಆರಂಭವಾಯಿತು.

ಇಷ್ಟಾದರೂ ಸಂಘದ ಕಾರ್ಯಕರ್ತೆಗೆ ಇದರಿಂದ ಸಿಕ್ಕಿದ್ದು ಕಡಿಮೆಯೇ. ಪಠ್ಯಕ್ರಮ ಪದವಿಯ ಲೆಕ್ಕಾಚಾರದಲ್ಲಿತ್ತು. ಆಕೆಗೆ ಬೇಕಾದದ್ದು ನಡಾವಳಿ ಬರೆಯುವ ಕ್ರಮ, ಬಡ್ಡಿಯ ಲೆಕ್ಕ, ದಾಸ್ತಾನಿನ ಪುಸ್ತಕ, ಬ್ಯಾಂಕಿನೊಡನೆ ವ್ಯವಹಾರ, ಸರಕಿಗೆ ಬೆಲೆ ಕಟ್ಟುವ ರೀತಿ. ಇನ್ನೊಂದು ತೊಡಕು ದೂರಶಿಕ್ಷಣದ ಮೇಲಿನ ಭರವಸೆಯದು. ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಮಾನ್ಯತೆ ತಪ್ಪಿ, ಮತ್ತೆ ದೊರೆತದ್ದು 2018ರಲ್ಲಿ. ಆ ನಡುವಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಪಟ್ಟ ಆತಂಕ ಸಣ್ಣದಲ್ಲ. ಕೂಲಿಯ ದಿನವನ್ನು ಬಿಟ್ಟು ಓದುವವರಿಗೆ ತಾವು ಪಡೆದ ಪ್ರಮಾಣಪತ್ರ ನಾಳೆಯೂ ಬಾಳುತ್ತದೆಯೆಂಬ ಖಾತರಿ ಎಷ್ಟು ಅಗತ್ಯವೆಂಬುದನ್ನು ಆ ಪ್ರಸಂಗ ತೋರಿಸಿತು.

ಕೇಳಿ, ಕೂತು, ಮಾತಾಡಿ

ಸಂಘದ ಕೆಲಸಗಾರರಿಗೆಂದೇ ದೂರದಿಂದ ಪಾಠ ಹೇಳುವ ವಿಚಾರ ಬೆಳೆದದ್ದು ಬೇರೊಂದು ದಾರಿಯಲ್ಲಿ. ಕೆನಡಾದ ಪೂರ್ವ ಕರಾವಳಿಯಲ್ಲಿ ಆಂಟಿಗೊನಿಷ್ ಎಂಬ ಚಿಕ್ಕ ಪಟ್ಟಣವಿದೆ. ಅಲ್ಲಿಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ವಿಶ್ವವಿದ್ಯಾನಿಲಯವು 1928ರಲ್ಲಿ ವಿಸ್ತರಣಾ ವಿಭಾಗವೊಂದನ್ನು ತೆರೆದು, ಪಾದ್ರಿ ಮೋಸೆಸ್ ಕೋಡಿ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಬಡ ಬೆಸ್ತರು, ಗಣಿ ಕೆಲಸಗಾರರು, ಸಣ್ಣ ರೈತರು ರಾತ್ರಿ ಯಾರದಾದರೊಬ್ಬರ ಅಡುಗೆಮನೆಯಲ್ಲಿ ಸೇರುತ್ತಿದ್ದರು. ವಿಶ್ವವಿದ್ಯಾನಿಲಯದಿಂದ ಬಂದ ಹಾಳೆಗಳನ್ನು ಓದಿ ಚರ್ಚಿಸುತ್ತಿದ್ದರು. ಆ ಚರ್ಚೆಯಿಂದ ಮೀನು ಮಾರಾಟದ ಸಹಕಾರ ಸಂಘಗಳೂ ಉಳಿತಾಯ ಸಂಘಗಳೂ ಹುಟ್ಟಿದವು. 1941ರಲ್ಲಿ ಕೆನಡಾದ ರೇಡಿಯೋ ರೈತಕೂಟಗಳನ್ನು ಆರಂಭಿಸಿತು. ಓದಿ, ಕೇಳಿ, ಚರ್ಚಿಸಿ, ಕೆಲಸಕ್ಕಿಳಿಯಿರಿ ಎಂಬುದು ಅವರ ಘೋಷಣೆ. ಕೂಟದ ಕಾರ್ಯದರ್ಶಿ ಚರ್ಚೆಯ ಸಾರವನ್ನು ಅಂಚೆಯಲ್ಲಿ ರೇಡಿಯೋಗೆ ಕಳುಹಿಸುತ್ತಿದ್ದರು. ಇಲ್ಲಿಯೂ ಹಿಂದಕ್ಕೆ ಹೋಗುವ ದಾರಿ ಇತ್ತೆಂಬುದನ್ನು ಗಮನಿಸಿ.

ಅದೇ ವಿಚಾರ 1956ರಲ್ಲಿ ಭಾರತಕ್ಕೆ ಬಂತು. ಯುನೆಸ್ಕೋ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರವು ಆಗಿನ ಮುಂಬಯಿ ರಾಜ್ಯದ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಕಟ್ಟಿ, ವಾರಕ್ಕೆರಡರಂತೆ 20 ಕಾರ್ಯಕ್ರಮಗಳನ್ನು ಪ್ರಸಾರ ಮಾಡಿತು. ಪರೀಕ್ಷಿಸಿ ನೋಡಿದಾಗ ತಿಳಿದದ್ದು ಇದು: ರೇಡಿಯೋ ಮಾತ್ರ ಇದ್ದು ಕೂಟವಿಲ್ಲದ ಹಳ್ಳಿಗಳಿಗಿಂತ, ಕೇಳಿದ ಮೇಲೆ ಕೂತು ಮಾತಾಡಿದ ಹಳ್ಳಿಗಳ ತಿಳಿವಳಿಕೆ ಬಹಳ ಹೆಚ್ಚಿತ್ತು. 1959ರಿಂದ ಈ ಕೂಟಗಳನ್ನು ದೇಶದ ಇತರ ಭಾಗಗಳಿಗೂ ಹಬ್ಬಿಸುವ ಕೆಲಸ ನಡೆಯಿತು.

ನಮ್ಮ ಮೂರು ತಾಲ್ಲೂಕುಗಳಿಗೆ ರೇಡಿಯೋ ನಿಜವಾಗಿ ಹತ್ತಿರವಾದದ್ದು 1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾದ ಮೇಲೆ. ಮಲೆನಾಡಿನ ಕೃಷಿಗೆ, ಮಲೆನಾಡಿನ ಮಾತಿಗೆ ಅಲ್ಲಿ ಜಾಗ ಸಿಕ್ಕಿತು. ಅಡಿಕೆ ಸುಲಿಯುವ ಕಾಲದಲ್ಲಿ ಹತ್ತಾರು ಜನ ಒಂದೇ ಜಗಲಿಯಲ್ಲಿ ಕೂತು ಕೆಲಸ ಮಾಡುವುದು ಇಲ್ಲಿಯ ವಾಡಿಕೆ; ಪಕ್ಕದಲ್ಲಿ ರೇಡಿಯೋ ಇದ್ದರೆ ಆ ಜಗಲಿಯೇ ಕೇಳುಗರ ಕೂಟ. ಕೈ ಕತ್ತಿಯ ಮೇಲೆ, ಕಿವಿ ರೇಡಿಯೋದ ಮೇಲೆ, ಬಾಯಿ ಪಕ್ಕದವರೊಡನೆ!

ಇದೇ ಬಗೆಯ ಇನ್ನೊಂದು ಕೆಲಸವನ್ನು ಮುದ್ರಣದಲ್ಲಿ ಮಾಡಿದ್ದು 1988ರಲ್ಲಿ ಪುತ್ತೂರಿನಿಂದ ಹೊರಟ "ಅಡಿಕೆ ಪತ್ರಿಕೆ". ಶ್ರೀ ಪಡ್ರೆಯವರ ಸಂಪಾದಕತ್ವದ ಈ ಪತ್ರಿಕೆಯು ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟ ಮಾಡಿದವರೇ ಬರೆದರು. ಬರೆದವರ ವಿಳಾಸವೂ ಅಚ್ಚಾಗುತ್ತಿದ್ದುದರಿಂದ ಓದಿದವರು ನೇರವಾಗಿ ಕಾಗದ ಬರೆದು ಕೇಳಬಹುದಾಗಿತ್ತು. ಸಾಗರ, ತೀರ್ಥಹಳ್ಳಿಗಳ ಅಡಿಕೆ ಬೆಳೆಗಾರರಿಗೂ ಇದು ಪರಿಚಿತವಾದ ಪತ್ರಿಕೆ. ಯಾವ ವಿಶ್ವವಿದ್ಯಾನಿಲಯವೂ ಇದನ್ನು ದೂರಶಿಕ್ಷಣವೆಂದು ಕರೆಯಲಿಲ್ಲ. ಆದರೆ ಒಬ್ಬರ ಅನುಭವ ಇನ್ನೊಬ್ಬರ ಪಾಠವಾಗುವ, ಕೇಳಿದ ಪ್ರಶ್ನೆಗೆ ಉತ್ತರ ಮರಳಿ ಬರುವ ವ್ಯವಸ್ಥೆಯನ್ನು ಬೇರೆ ಯಾವ ಹೆಸರಿನಿಂದ ಕರೆಯೋಣ?

ತೆರೆಯ ಮೇಲಿನ ತರಗತಿ

ದೂರದರ್ಶನವೂ ಇದೇ ದಾರಿಯಲ್ಲಿ ಹೆಜ್ಜೆಯಿಟ್ಟಿತು. 1967ರ ಜನವರಿ 26ರಂದು ದೆಹಲಿಯಲ್ಲಿ "ಕೃಷಿ ದರ್ಶನ" ಆರಂಭವಾದಾಗ ಸುತ್ತಲಿನ 80 ಹಳ್ಳಿಗಳಲ್ಲಿ ಒಟ್ಟಾಗಿ ಕೂತು ನೋಡುವ ಕೂಟಗಳಿದ್ದವು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಅದು ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಮಲೆನಾಡು ಅದರಲ್ಲಿ ಸೇರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು.

ಈ ಹೊತ್ತಿಗೆ ನಾಡಿನಲ್ಲಿ ಇನ್ನೊಂದು ದೊಡ್ಡ ಬದಲಾವಣೆಯಾಗುತ್ತಿತ್ತು. ಅಬ್ದುಲ್ ನಜೀರ್ ಸಾಬ್ ಅವರು ಮುಂದೆ ನಿಂತು ರೂಪಿಸಿದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಶೇಕಡಾ 25 ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಸಾವಿರಾರು ಹೆಣ್ಣುಮಕ್ಕಳು ಒಮ್ಮೆಲೇ ಬಜೆಟ್ಟು, ಕಾಮಗಾರಿ, ನಡಾವಳಿಗಳ ಮುಂದೆ ಕೂತರು. ಇಷ್ಟು ಜನಕ್ಕೆ ತರಬೇತಿ ಕೊಡುವ ಅಧ್ಯಾಪಕರನ್ನು ಎಲ್ಲಿಂದ ತರುವುದು? ಬಾಹ್ಯಾಕಾಶ ಸಂಸ್ಥೆಯು 1995ರಲ್ಲಿ ಆರಂಭಿಸಿದ ತರಬೇತಿ ಮತ್ತು ಅಭಿವೃದ್ಧಿ ಸಂಪರ್ಕ ವಾಹಿನಿ ಇದಕ್ಕೊಂದು ದಾರಿ ತೋರಿತು. ಮುಂದೆ 2000ದ ದಶಕದಲ್ಲಿ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ತನ್ನ ಸ್ಟುಡಿಯೋದಿಂದ ಉಪಗ್ರಹದ ಮೂಲಕ ಗ್ರಾಮ ಪಂಚಾಯಿತಿ ಸದಸ್ಯರಿಗೆ ಪಾಠ ಮಾಡಿತು. ಸದಸ್ಯರು ತಾಲ್ಲೂಕು ಕೇಂದ್ರದಲ್ಲಿ ಸೇರಿ ತೆರೆಯ ಮೇಲೆ ನೋಡಿ, ಫೋನಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಅದಕ್ಕೆಂದೇ ತಾಲ್ಲೂಕುಗಳಲ್ಲಿ ಸಾಮರ್ಥ್ಯ ಸೌಧಗಳು ಎದ್ದವು. ಪ್ರತಿ ಕೇಂದ್ರದಲ್ಲಿ ಸ್ಥಳೀಯ ಸಂಪನ್ಮೂಲ ವ್ಯಕ್ತಿಗಳು ಕೂತು ಚರ್ಚೆ ನಡೆಸಿಕೊಡುತ್ತಿದ್ದರು. ಪಾಠ ಮೈಸೂರಿನಿಂದ ಬಂದರೂ ಅದು ಅರ್ಥವಾಗುತ್ತಿದ್ದದ್ದು ತಾಲ್ಲೂಕಿನ ಕೋಣೆಯಲ್ಲಿ, ಪರಿಚಿತರ ಬಾಯಿಂದ. ಪುಣೆಯ ಹಳ್ಳಿಗಳಲ್ಲಿ ಕಂಡ ಸತ್ಯವೇ ಇಲ್ಲಿ ಮತ್ತೊಮ್ಮೆ ಕಂಡಿತು.

ಹೆಗ್ಗೋಡು ಹೇಳುವ ಮಾತು

ಎಲ್ಲವನ್ನೂ ದೂರದಿಂದ ಕಲಿಸಬಹುದೇ? ಈ ಪ್ರಶ್ನೆಗೆ ಸಾಗರ ತಾಲ್ಲೂಕಿನ ಹೆಗ್ಗೋಡು ಒಂದು ಉತ್ತರವನ್ನು ಇಟ್ಟುಕೊಂಡಿದೆ. 1949ರಲ್ಲಿ ಆರಂಭವಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ದುಡಿಮೆಯಿಂದ, ಚಿಕ್ಕ ಹಳ್ಳಿಯಲ್ಲೇ ಪ್ರಪಂಚದ ನಾಟಕ-ಸಿನಿಮಾಗಳನ್ನು ಕಲಿಯುವ ಜಾಗವಾಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಗನು ಪಾಠಕ್ಕಾಗಿ ನಗರಕ್ಕೆ ಹೋಗುವ ಬದಲು ಪಾಠವೇ ಹಳ್ಳಿಗೆ ಬಂದು ನೆಲೆಸಿದ ಅಪರೂಪದ ಉದಾಹರಣೆ ಇದು.

ಅದರ ಸನಿಹದಲ್ಲೇ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ "ಚರಕ" ಮಹಿಳಾ ಸಹಕಾರ ಸಂಘ ಆರಂಭವಾಯಿತು. ಕೈಮಗ್ಗದ ಬಟ್ಟೆ, ಅದಕ್ಕೆ ಅಡಿಕೆಯ ಚೊಗರು ಮೊದಲಾದ ನೈಸರ್ಗಿಕ ಬಣ್ಣ, ಹೊಲಿಗೆ, ಮಾರಾಟ - ಇಷ್ಟನ್ನೂ ಹಳ್ಳಿಯ ಹೆಂಗಸರು ಕಲಿತರು. "ದೇಸಿ" ಅಂಗಡಿಗಳ ಮೂಲಕ ಆ ಬಟ್ಟೆ ಬೆಂಗಳೂರಿನಂತಹ ನಗರಗಳಿಗೆ ಹೋಯಿತು. ಬಣ್ಣ ಎಷ್ಟು ಹೊತ್ತು ಕುದಿಯಬೇಕು, ನೂಲು ಎಷ್ಟು ಬಿಗಿಯಿರಬೇಕು ಎಂಬುದನ್ನು ಯಾವ ಅಂಚೆಯೂ, ಯಾವ ತೆರೆಯೂ ಕಲಿಸಲಾರದು. ಬಲ್ಲವರ ಪಕ್ಕದಲ್ಲಿ ನಿಂತೇ ಅದನ್ನು ಕಲಿಯಬೇಕು. ಸಾಗರದ ಗುಡಿಗಾರರ ಗಂಧದ ಕೆತ್ತನೆಯೂ ಹೀಗೆಯೇ ತಲೆಮಾರಿನಿಂದ ತಲೆಮಾರಿಗೆ ಬಂದದ್ದು.

ಆದರೆ ಕೈಕೆಲಸ ಬಂದಮಾತ್ರಕ್ಕೆ ಸಂಘ ನಿಲ್ಲುವುದಿಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಇರಬಾರದೆಂದು ಪ್ರಸನ್ನ ಅವರು ಉಪವಾಸ ಕೂತರು. ಮಗ್ಗದ ಮುಂದೆ ಕೂತ ಹೆಂಗಸಿಗೂ ದೆಹಲಿಯ ತೆರಿಗೆ ಮಂಡಳಿಯ ತೀರ್ಮಾನಕ್ಕೂ ಇರುವ ಸಂಬಂಧ ಆಗ ಎಲ್ಲರಿಗೂ ಕಾಣಿಸಿತು. 2020ರಲ್ಲಿ ಕೋವಿಡ್‌ನಿಂದ ಮಾರಾಟ ಕುಸಿದಾಗ ಚರಕ ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. ಇಪ್ಪತ್ತೈದು ವರ್ಷ ಅನುಭವವಿದ್ದ ಸಂಘದ ಪಾಡೇ ಹೀಗಾದರೆ ಎಳೆಯ ಸಂಘಗಳ ಗತಿಯೇನು ಎಂದು ನೀವು ಕೇಳಬಹುದು. ತೆರಿಗೆ, ಕಾನೂನು, ಲೆಕ್ಕ ಪರಿಶೋಧನೆ, ದೂರದ ಮಾರುಕಟ್ಟೆಯ ಬೇಡಿಕೆ, ಹಣದ ಹರಿವನ್ನು ಮುಂದಾಗಿ ಅಂದಾಜು ಮಾಡುವುದು - ಇವು ಹಳ್ಳಿಯಲ್ಲಿ ಪಕ್ಕದಲ್ಲಿ ನಿಂತು ಕಲಿಸುವವರಿಲ್ಲದ ವಿಷಯಗಳು. ದೂರಶಿಕ್ಷಣದ ನಿಜವಾದ ಕ್ಷೇತ್ರ ಇದು. ಕೈಕೆಲಸ ಹತ್ತಿರದಿಂದ, ವ್ಯವಹಾರಜ್ಞಾನ ದೂರದಿಂದ ಎಂದು ಕೆಲಸವನ್ನು ಹಂಚಿಕೊಂಡರೆ ಎರಡೂ ನಿಲ್ಲುತ್ತವೆ.

ಈಗಿನ ಸಖಿಯರು

1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭಿಸಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಕಾರ್ಯಕರ್ತೆಯರು ಗುಂಪು ಕಟ್ಟಿದರು. 2011ರಿಂದೀಚೆಗೆ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವು ಕರ್ನಾಟಕದಲ್ಲಿ ಸಂಜೀವಿನಿ ಎಂಬ ಹೆಸರಿನಲ್ಲಿ ನಡೆದು, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ರೂಪುಗೊಂಡವು. ಮುಖ್ಯ ಪುಸ್ತಕ ಬರಹಗಾರರು, ಕೃಷಿಸಖಿ, ಪಶುಸಖಿ, ಬ್ಯಾಂಕಿನ ಕೆಲಸ ನೋಡುವ ಸಖಿ - ಹೀಗೆ ಊರಿನ ಹೆಣ್ಣುಮಕ್ಕಳೇ ಸಮುದಾಯದ ಕಾರ್ಯಕರ್ತೆಯರಾದರು. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಜೇನು, ಹಸೆ ಚಿತ್ತಾರ, ಅಡಿಕೆ ಹಾಳೆಯ ತಟ್ಟೆ - ಮಲೆನಾಡಿನ ಗುಂಪುಗಳ ಮುಂದೆ ಮಾರಬಹುದಾದ ಸರಕಿಗೆ ಕೊರತೆಯಿಲ್ಲ.

2020ರಲ್ಲಿ ಕೋವಿಡ್ ಬಂದಾಗ ತರಬೇತಿ ಮೊಬೈಲಿಗೆ ಬಂತು. ಅಂಚೆ, ರೇಡಿಯೋ, ಉಪಗ್ರಹಗಳ ನಂತರದ ನಾಲ್ಕನೆಯ ಸಾಧನ ಇದು. ಕಿಸೆಯಲ್ಲೇ ಇರುವ ತರಗತಿ. ಆದರೆ ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಮಕ್ಕಳ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಶಿವಮೊಗ್ಗ ಜಿಲ್ಲೆಯ ಹಳ್ಳಿಗಳ ಜನ ಅಭಿಯಾನವನ್ನೇ ನಡೆಸಿದರು. ಹಿಂದೆ ಲಾಂಚ್‌ಗೆ ಕಾದ ಜನ ಈಗ ಗೋಪುರಕ್ಕೆ ಕಾಯತೊಡಗಿದರು. ಮನೆಯಲ್ಲಿರುವ ಒಂದೇ ಫೋನು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇದ್ದರೆ ಪಾಠ ಯಾರಿಗೆ ತಲುಪಿತು ಎಂಬ ಪ್ರಶ್ನೆಯೂ ಉಂಟು.

ಇತಿಹಾಸದಿಂದ ನಾವು ತಿಳಿಯಬೇಕಾದದ್ದು

ನೂರು ವರ್ಷಗಳ ಈ ಕಥೆಯಲ್ಲಿ ಸಾಧನಗಳು ಬದಲಾಗಿವೆ. ಗೆಲುವಿನ ಕಾರಣಗಳು ಬದಲಾಗಿಲ್ಲ. ಅವು ನಾಲ್ಕು.

ಮೊದಲನೆಯದು, ಕೂತು ಮಾತಾಡುವ ಜಾಗ. ಆಂಟಿಗೊನಿಷ್‌ನ ಅಡುಗೆಮನೆ, ಪುಣೆಯ ಕೂಟ, ನಮ್ಮ ಜಗಲಿ, ತಾಲ್ಲೂಕಿನ ಸೌಧ - ಇವಿಲ್ಲದೆ ಪಾಠ ಗಾಳಿಯಲ್ಲಿ ಹೋಗುತ್ತದೆ. ಎರಡನೆಯದು, ಪ್ರಶ್ನೆ ಹಿಂದಕ್ಕೆ ಹೋಗಿ ಉತ್ತರ ಮರಳಿ ಬರುವ ದಾರಿ. ಪಿಟ್‌ಮನ್ ಅವರ ಕಾರ್ಡಿನಲ್ಲಿ ಅದಿತ್ತು. ಇಂದು ಮೊಬೈಲಿಗೆ ಬಂದು ಬೀಳುವ ಎಷ್ಟೋ ವಿಡಿಯೋಗಳಲ್ಲಿ ಅದಿಲ್ಲ. ಮೂರನೆಯದು, ಕಲಿಯುವವರ ಸ್ವಂತ ಕೆಲಸವೇ ಪಠ್ಯವಾಗುವುದು. ಕಲ್ಪಿತ ಕಂಪನಿಯ ಆಯವ್ಯಯಕ್ಕಿಂತ ತಮ್ಮದೇ ಒಕ್ಕೂಟದ ಕಳೆದ ತಿಂಗಳ ಪುಸ್ತಕವನ್ನು ಬಿಡಿಸಿ, ಎಲ್ಲಿ ತಪ್ಪಿದೆ ನೋಡೋಣ ಎನ್ನುವುದು ಒಳ್ಳೆಯ ಪಾಠ. ನಾಲ್ಕನೆಯದು, ಕಲಿತದ್ದಕ್ಕೆ ಬೆಲೆ. ಕೂಲಿ ಬಿಟ್ಟು, ಒಲೆಯ ಕೆಲಸ ಮುಗಿಸಿ, ನಿದ್ದೆಗೆಟ್ಟು ಓದಿದವರಿಗೆ ಮಾನ್ಯತೆಯಿರುವ ಪ್ರಮಾಣಪತ್ರವೂ ಅದಕ್ಕೆ ತಕ್ಕ ಗೌರವಧನವೂ ಸಿಗಬೇಕು.

ಇದಕ್ಕೆ ಹೊಸ ಕಟ್ಟಡಗಳು ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಎಷ್ಟೋ ಕಡೆ ಅಲ್ಲಿ ಕಂಪ್ಯೂಟರೂ ಇದೆ. ವಾರದಲ್ಲಿ ಒಂದು ಮಧ್ಯಾಹ್ನ, ಅಡಿಕೆ ಕೊಯ್ಲು ಮತ್ತು ನಾಟಿಯ ದಿನಗಳನ್ನು ಬಿಟ್ಟು, ಆ ಪಂಚಾಯಿತಿಯ ಒಕ್ಕೂಟದ ಕಾರ್ಯಕರ್ತೆಯರು ತಮ್ಮ ಪುಸ್ತಕಗಳೊಡನೆ ಅಲ್ಲಿ ಸೇರಲಿ. ಮುಕ್ತ ವಿಶ್ವವಿದ್ಯಾನಿಲಯ ಕನ್ನಡದಲ್ಲಿ ಪಾಠ ಸಿದ್ಧಪಡಿಸಲಿ, ಆಕಾಶವಾಣಿ-ದೂರದರ್ಶನಗಳು ಅದನ್ನು ಪ್ರಸಾರ ಮಾಡಲಿ. ಸಿಗ್ನಲ್ ಸಿಗದ ಊರಿಗೆ ಅಚ್ಚಾದ ಹಾಳೆ ಅಂಚೆಯಲ್ಲೇ ಹೋಗಲಿ. ಹಳೆಯ ಸಾಧನವೆಂದು ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಅನುಭವವುಳ್ಳ ಸಹಕಾರ ಸಂಘಗಳ ನಿವೃತ್ತ ಕಾರ್ಯದರ್ಶಿಗಳು ಮೂರು ತಾಲ್ಲೂಕುಗಳಲ್ಲೂ ಇದ್ದಾರೆ. ಚರ್ಚೆ ನಡೆಸಿಕೊಡಲು ಅವರಿಗಿಂತ ತಕ್ಕವರು ಯಾರು?

ನೀವು ಒಂದು ಸಂಘದ ಸದಸ್ಯರಾಗಿದ್ದರೆ ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ಪುಸ್ತಕ ಬರೆಯುವ ಹೆಣ್ಣುಮಗಳನ್ನು "ಲೆಕ್ಕ ಸರಿಯಿದೆಯೇ?" ಎಂದು ಮಾತ್ರ ಕೇಳಬೇಡಿ. "ನಿನಗೆ ಇದನ್ನು ಯಾರು ಕಲಿಸಿದರು? ಇನ್ನೇನು ಕಲಿಯಬೇಕೆಂದಿದ್ದೀ?" ಎಂದೂ ಕೇಳಿ. ಆಕೆ ಹೇಳುವ ಉತ್ತರವನ್ನು ಅಂದಿನ ನಡಾವಳಿಯಲ್ಲಿ ಬರೆದಿಡಿ. ಒಂದು ಕಾಲದಲ್ಲಿ ಕೊಳಗ ಎಷ್ಟು ಸೇರಿನದೆಂದು ಕೇಳಲು ಈ ಸೀಮೆಯ ಜನ ಸತ್ಯಾಗ್ರಹ ಮಾಡಬೇಕಾಯಿತು. ಇಂದು ಅಳತೆಯ ಪುಸ್ತಕ ಅವರ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಅದನ್ನು ಭಯವಿಲ್ಲದೆ ಬರೆಯುವ ವಿದ್ಯೆಯನ್ನು ಅವರಿದ್ದಲ್ಲಿಗೇ ತಲುಪಿಸುವುದು ಉಳಿದವರ ಹೊಣೆ.